ಪಂಪ್ ಹಾಕಿದರೆ ದೀಪ ಮಂಕು, ಬಾಗಿಲು ಮುಟ್ಟಿದರೆ ಜುಮ್: ಕ್ಯಾರವಾನ್ ವೈರಿಂಗಿನ ದೋಷ ಹುಡುಕುವುದು ಹೇಗೆ?

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕ್ಯಾರವಾನ್ ಮಾಡಿಸಿಕೊಂಡಿದ್ದೇವೆ. ಮನೆ ಕಾರವಾರದಲ್ಲಿ, ಕಡಲಿನಿಂದ ಅರ್ಧ ಕಿಲೋಮೀಟರ್. ಒಳಗೆ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ, ಮೇಲೆ 200 ವ್ಯಾಟ್ ಸೋಲಾರ್, ಇನ್ವರ್ಟರ್, 12 ವೋಲ್ಟಿನ ಫ್ರಿಜ್, ನೀರಿನ ಪಂಪ್, ಫ್ಯಾನು, ಎಲ್‌ಇಡಿ ದೀಪಗಳಿವೆ. ಮಳೆಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತಿತ್ತು. ಈಗ ಹೊರಗೆ ತೆಗೆದರೆ ಒಂದೊಂದಾಗಿ ಕಾಟ ಶುರುವಾಗಿದೆ. ಪಂಪ್ ಹಾಕಿದ ಕೂಡಲೇ ದೀಪ ಮಂಕಾಗುತ್ತದೆ. ಫ್ರಿಜ್ ರಾತ್ರಿ ತಾನಾಗಿ ನಿಲ್ಲುತ್ತದೆ. ಮೂರು ದಿನ ಬಿಟ್ಟರೆ ಬ್ಯಾಟರಿ ಇಳಿದಿರುತ್ತದೆ. ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗ ಹಿಂಬದಿಯ ದೀಪ-ಫ್ಯಾನಿನ ಫ್ಯೂಸ್ ಹೋಗುತ್ತಿತ್ತು. ಗ್ಯಾರೇಜಿನವರು 10 ಆಂಪಿಯರ್ ತೆಗೆದು 20 ಹಾಕಿಕೊಟ್ಟರು, ಈಗ ಹೋಗುತ್ತಿಲ್ಲ. ಶಿರಸಿ ಹತ್ತಿರ ಒಂದು ಹೋಂಸ್ಟೇಯಲ್ಲಿ ಕರೆಂಟ್ ಪಡೆದಾಗ ಬಾಗಿಲ ಹಿಡಿಕೆ ಮುಟ್ಟಿದರೆ ಕೈ ಜುಮ್ ಎಂದಿತು. ನಮ್ಮ ಮನೆಯಲ್ಲಿ ಪ್ಲಗ್ ಹಾಕಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಟ್ರಿಪ್ ಆಗುತ್ತದೆ. ಪೂರ್ತಿ ವೈರಿಂಗ್ ಬದಲಿಸಬೇಕೇ?

ಉತ್ತರ: ಪೂರ್ತಿ ಬದಲಿಸುವುದು ಬೇಡ. ಅಷ್ಟು ಖರ್ಚು ಮಾಡಿ ಹೊಸ ವೈರನ್ನು ಹಳೆಯ ರೀತಿಯಲ್ಲೇ ಜೋಡಿಸಿದರೆ ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಇದೇ ಪ್ರಶ್ನೆ ಮತ್ತೆ ಬರೆಯುತ್ತೀರಿ. ಕರಾವಳಿಯಲ್ಲಿ ವೈರು ನಡುವೆ ಹಾಳಾಗುವುದು ಅಪರೂಪ. ಹಾಳಾಗುವುದು ಅದರ ತುದಿ. ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಬಳೆ), ಫ್ಯೂಸ್ ಹಿಡಿಕೆ, ಚಾಸಿಗೆ (ವ್ಯಾನಿನ ಕಬ್ಬಿಣದ ಚೌಕಟ್ಟಿಗೆ) ಬಿಗಿದ ಬೋಲ್ಟು, ತಿರುಚಿ ಟೇಪ್ ಸುತ್ತಿದ ಜಾಯಿಂಟು, ಇಂಥ ಕಡೆ ಉಪ್ಪುಗಾಳಿ ಕೂತು ಕಿಲುಬು ಹಿಡಿಯುತ್ತದೆ. ನೀವು ಹೇಳಿದ ಆರು ತೊಂದರೆಗಳ ಹಿಂದೆ ಬಹುಶಃ ಮೂರು ಅಥವಾ ನಾಲ್ಕೇ ದೋಷಗಳಿವೆ. ಮಲ್ಟಿಮೀಟರ್ ಹಿಡಿದು ಒಂದು ದಿನ ಕೂತರೆ ಸಿಕ್ಕಿಬಿಡುತ್ತವೆ.

ಆದರೆ ಅದಕ್ಕೂ ಮೊದಲು, ಇವತ್ತೇ ಮಾಡಬೇಕಾದ ಎರಡು ಕೆಲಸಗಳಿವೆ. 20 ಆಂಪಿಯರಿನ ಹಳದಿ ಫ್ಯೂಸ್ ಕಿತ್ತು 10ರ ಕೆಂಪು ಫ್ಯೂಸ್ ಹಾಕಿ. ಅದು ಹೋದರೆ ಹೋಗಲಿ, ಆ ಸರ್ಕ್ಯೂಟ್ ಸತ್ತೇ ಇರಲಿ. ಮತ್ತೆ, ಜುಮ್ ಎನ್ನುವುದರ ಕಾರಣ ಸಿಗುವ ತನಕ ವ್ಯಾನಿಗೆ ಹೊರಗಿನ 230 ವೋಲ್ಟ್ ಕೊಡಬೇಡಿ. ಉಳಿದದ್ದೆಲ್ಲ ತೊಂದರೆ, ಇವೆರಡು ಅಪಾಯ. ಒಂದು ಬೆಂಕಿ, ಇನ್ನೊಂದು ಜೀವ.

ಜುಮ್ ಎನ್ನುವುದರಿಂದಲೇ ಶುರು ಮಾಡೋಣ. ಹೋಂಸ್ಟೇಯಲ್ಲಿ ಶಾಕ್, ಮನೆಯಲ್ಲಿ ಟ್ರಿಪ್. ಇವೆರಡೂ ಒಂದೇ ದೋಷದ ಎರಡು ಮುಖ ಇರುವ ಸಾಧ್ಯತೆ ಹೆಚ್ಚು. ವ್ಯಾನಿನೊಳಗೆ ಎಲ್ಲೋ ಫೇಸಿನಿಂದ ಬಾಡಿಗೆ ಸ್ವಲ್ಪ ಕರೆಂಟ್ ಸೋರುತ್ತಿದೆ. ನಿಮ್ಮ ಮನೆಯಲ್ಲಿ ಅರ್ಥಿಂಗ್ ಸರಿಯಿದೆ, ಹಾಗಾಗಿ ಸೋರಿದ್ದು ಅರ್ಥ್ ವೈರಿನಲ್ಲಿ ಹರಿಯಿತು, 30 ಮಿಲಿಆಂಪಿಯರ್ ಮುಟ್ಟುವ ಹೊತ್ತಿಗೆ ಆರ್‌ಸಿಸಿಬಿ ಬಿತ್ತು. ಹೋಂಸ್ಟೇಯ ಸಾಕೆಟ್ಟಿಗೆ ಮೂರು ತೂತಿದ್ದರೂ ಮೇಲಿನ ತೂತಿಗೆ ವೈರೇ ಇರಲಿಲ್ಲವೋ, ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಅರ್ಥ್ ತುಂಡಾಗಿತ್ತೋ, ಸೋರಿದ ಕರೆಂಟಿಗೆ ಹೋಗಲು ದಾರಿ ಇರಲಿಲ್ಲ. ವ್ಯಾನ್ ನಿಂತದ್ದು ರಬ್ಬರ್ ಟೈರಿನ ಮೇಲೆ. ಇಡೀ ಬಾಡಿ ಕರೆಂಟ್ ಹಿಡಿದು ಕೂತಿತು, ಒದ್ದೆ ನೆಲದಲ್ಲಿ ನಿಂತು ಹಿಡಿಕೆ ಮುಟ್ಟಿದ ನೀವೇ ಅರ್ಥ್ ವೈರ್ ಆದಿರಿ. ಟ್ರಿಪ್ ಆಗುತ್ತದೆಂದು ಮನೆಯ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಇಷ್ಟರಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ಇದನ್ನು ಕರೆಂಟ್ ಇಲ್ಲದೆಯೇ ಪರೀಕ್ಷಿಸಬಹುದು. ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ, ಇನ್ವರ್ಟರ್ ಆಫ್ ಮಾಡಿ, ವ್ಯಾನಿನೊಳಗಿನ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ಬೀಳುವ ಸ್ವಿಚ್) ಮತ್ತು ಸ್ವಿಚ್ಚುಗಳೆಲ್ಲ ಆನ್ ಇರಲಿ. ಮೀಟರನ್ನು ಓಮ್‌ಗೆ ತಿರುಗಿಸಿ ಮೂರು ಅಳತೆ ತೆಗೆಯಿರಿ. ಪ್ಲಗ್ಗಿನ ದೊಡ್ಡ ಪಿನ್ನಿನಿಂದ ವ್ಯಾನಿನ ಬಣ್ಣವಿಲ್ಲದ ಲೋಹಕ್ಕೆ 1 ಓಮ್‌ಗಿಂತ ಕಡಿಮೆ ಬರಬೇಕು. ಬರದಿದ್ದರೆ ವ್ಯಾನಿನ ಅರ್ಥ್ ವೈರೇ ಕಳಚಿದೆ. ಫೇಸ್ ಪಿನ್ನಿನಿಂದ ಅರ್ಥ್ ಪಿನ್ನಿಗೆ ಮೀಟರ್ ಏನೂ ತೋರಿಸಬಾರದು; ಕೆಲವು ಸಾವಿರ ಓಮ್ ತೋರಿಸಿದರೆ ಸೋರಿಕೆ ಖಚಿತ. ನ್ಯೂಟ್ರಲ್ ಪಿನ್ನಿನಿಂದ ಅರ್ಥ್ ಪಿನ್ನಿಗೂ ಹಾಗೆಯೇ, ಏನೂ ಬರಬಾರದು. ಇಲ್ಲಿ ಸೊನ್ನೆಯ ಹತ್ತಿರ ಬಂದರೆ ವ್ಯಾನ್ ಕಟ್ಟಿದವರು ನ್ಯೂಟ್ರಲ್ ಮತ್ತು ಅರ್ಥನ್ನು ಒಳಗೇ ಸೇರಿಸಿಬಿಟ್ಟಿದ್ದಾರೆ ಎಂದರ್ಥ. ಆಗ ನ್ಯೂಟ್ರಲ್‌ನಲ್ಲಿ ವಾಪಸ್ ಹೋಗಬೇಕಾದ ಕರೆಂಟಿನ ಒಂದು ಪಾಲು ಅರ್ಥ್‌ನಲ್ಲಿ ಹೋಗಿ ಆರ್‌ಸಿಸಿಬಿ ಬೀಳುತ್ತದೆ, ಯಾವ ಉಪಕರಣವೂ ಕೆಟ್ಟಿರುವುದಿಲ್ಲ. ಇನ್ವರ್ಟರ್ ಅಳವಡಿಸುವಾಗ ಆಗುವ ಸಾಮಾನ್ಯ ತಪ್ಪು ಇದು.

ಸೋರಿಕೆ ಕಂಡರೆ ಒಂದೊಂದೇ ಉಪಕರಣದ ಪ್ಲಗ್ ಕಿತ್ತು ಮತ್ತೆ ಅಳೆಯಿರಿ. ಮೊದಲ ಅನುಮಾನ ನೀರು ಕಾಯಿಸುವ ಗೀಸರ್ ಅಥವಾ ಕೆಟಲ್ ಮೇಲಿರಲಿ: ಕಾಯಿಲ್‌ನ ಹೊರಕವಚ ಸೀಳಿದರೆ ಒಳಗಿನ ಬಿಳಿಪುಡಿ ತೇವ ಹೀರಿ ಸೋರತೊಡಗುತ್ತದೆ. ನಾಲ್ಕು ತಿಂಗಳು ಮುಟ್ಟದೆ ಬಿಟ್ಟಾಗ ಆಗುವುದೂ ಇದೇ. ಎರಡನೆಯದು ಹೊರಗಿನ ಕರೆಂಟ್ ಒಳಗೆ ಬರುವ, ಹೊರಗೋಡೆಯ ಇನ್‌ಲೆಟ್ ಸಾಕೆಟ್. ಅದರ ಮುಚ್ಚಳದ ರಬ್ಬರ್ ಸತ್ತಿದ್ದರೆ ಒಳಗೆ ಉಪ್ಪಿನ ಪದರವೂ ಇರುವೆ ಗೂಡೂ ಸಿಗುತ್ತವೆ. ಉಪಕರಣಗಳನ್ನೆಲ್ಲ ಕಿತ್ತ ಮೇಲೂ ಸೋರಿಕೆ ಉಳಿದರೆ ವೈರಿಂಗನ್ನು 500 ವೋಲ್ಟಿನ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಸಿಪ್ಪೆಯ ಸೋರಿಕೆ ಅಳೆಯುವ ಮೀಟರ್) ಹಾಕಿ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬರಕೂಡದು. ಚಾರ್ಜರ್, ಇನ್ವರ್ಟರ್, ಎಲ್‌ಇಡಿ ಡ್ರೈವರ್‌ಗಳನ್ನು ಬಿಡಿಸದೆ ಮೆಗ್ಗರ್ ತಿರುಗಿಸಿದರೆ ಅವು ಸುಟ್ಟುಹೋಗಬಹುದು. ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. 12 ವೋಲ್ಟಿನ ಕೆಲಸ ನೀವೇ ಮಾಡಬಹುದು, 230ರದ್ದು ಬೇಡ.

ಒಂದು ವಿನಾಯಿತಿ ಇದೆ. ಚಾರ್ಜರ್‌ಗಳ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ, ಅರ್ಥ್ ಇಲ್ಲದ ಕಡೆ ಬಾಡಿಯಲ್ಲಿ ಸುಮಾರು 115 ವೋಲ್ಟ್ ಕಾಣಿಸಿಕೊಂಡು ತೀರಾ ಸಣ್ಣಗೆ ಜುಮ್ ಎನ್ನಬಹುದು. ಹರಿಯುವ ಕರೆಂಟ್ ಮಾತ್ರ ಒಂದು ಮಿಲಿಆಂಪಿಯರ್‌ಗೂ ಕಡಿಮೆ. ಆದರೆ ನಿಮ್ಮಲ್ಲಿ ಆರ್‌ಸಿಸಿಬಿಯೂ ಬೀಳುತ್ತಿರುವುದರಿಂದ ಆ ಸಮಾಧಾನಕ್ಕೆ ಆಸ್ಪದವಿಲ್ಲ.

ದುರಸ್ತಿಯ ಜೊತೆಗೆ ವ್ಯಾನಿನೊಳಗೇ, ಇನ್‌ಲೆಟ್‌ನಿಂದ ಬರುವ ಕೇಬಲ್ ಮೊದಲು ಮುಟ್ಟುವ ಜಾಗದಲ್ಲಿ, 30 ಮಿಲಿಆಂಪಿಯರ್‌ನ ಒಂದು ಆರ್‌ಸಿಸಿಬಿ ಮತ್ತು 16 ಆಂಪಿಯರ್‌ನ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ ಇರಲೇಬೇಕು. ಡಬಲ್ ಪೋಲ್ ಯಾಕೆಂದರೆ ಊರೂರಿನ ಸಾಕೆಟ್ಟಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲು ಇರುತ್ತದೆ. ಸಿಂಗಲ್ ಪೋಲ್ ಆಫ್ ಮಾಡಿದರೂ ಒಳಗೆ ಫೇಸ್ ಉಳಿದಿರಬಹುದು. ಇನ್ವರ್ಟರ್ ಮತ್ತು ಹೊರಗಿನ ಕರೆಂಟ್ ಒಂದೇ ಸಾಕೆಟ್ಟುಗಳಿಗೆ ಹೋಗುತ್ತಿದ್ದರೆ ನಡುವೆ ಎರಡೂ ಪೋಲ್ ಬದಲಾಗುವ ಚೇಂಜ್‌ಓವರ್ ಸ್ವಿಚ್ ಬೇಕು. ಅದಿಲ್ಲದೆ ಎರಡೂ ಎದುರುಬದುರಾದರೆ ಇನ್ವರ್ಟರ್ ಆ ಕ್ಷಣವೇ ಹೋಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೊರಗೆ ನೇತಾಡುವ ಪ್ಲಗ್ಗಿನ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ, ಮಕ್ಕಳು ಮುಟ್ಟುವ ಎತ್ತರದಲ್ಲಿ. ಹೊರಗಿನ ಕೇಬಲ್ 2.5 ಚದರ ಮಿ.ಮೀ.ನ ಮೂರು ಕೋರಿನದಿರಲಿ, 25 ಮೀಟರ್ ದಾಟದಿರಲಿ. ಉಳಿದ ಉದ್ದವನ್ನು ಸುರುಳಿ ಸುತ್ತಿಟ್ಟು ಗೀಸರ್ ಹಾಕಬೇಡಿ. ಸುರುಳಿಯೊಳಗೆ ಬಿಸಿ ಹೊರಗೆ ಹೋಗದೆ ವೈರ್ ಮೆತ್ತಗಾಗುತ್ತದೆ.

ಹೋಂಸ್ಟೇಯಲ್ಲಿ ಅರ್ಥ್ ಇಲ್ಲವೆಂದು ವ್ಯಾನಿನ ಪಕ್ಕ ಕಬ್ಬಿಣದ ಸರಳು ಹೊಡೆದು ವೈರ್ ಕಟ್ಟುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಒಣ ಚಿರೇಕಲ್ಲಿನ ನೆಲದಲ್ಲಿ ಎರಡು ಅಡಿ ಸರಳಿಗೆ 50 ಓಮ್ ಸಿಕ್ಕರೆ ಪುಣ್ಯ. 230 ಭಾಗಿಸು 50, ಬಂದದ್ದು 4.6 ಆಂಪಿಯರ್. ಇದರಿಂದ 16ರ ಎಂಸಿಬಿ ಅಲ್ಲಾಡುವುದೂ ಇಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮಾತ್ರ ಬೀಳುತ್ತದೆ. ಸರಳು ಇದ್ದರೂ ಇಲ್ಲದಿದ್ದರೂ ಉಳಿಸುವುದು ಅದೇ. ಪ್ಲಗ್ ಚುಚ್ಚುವ ಮೊದಲು ಸಾಕೆಟ್ ಅಳೆಯುವ ಅಭ್ಯಾಸ ಮಾಡಿಕೊಳ್ಳಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಫೇಸ್-ಅರ್ಥ್ ನಡುವೆ ನೂರೋ ನೂರಿಪ್ಪತ್ತೋ ತೋರಿಸಿದರೆ ಆ ಅರ್ಥ್ ಎಲ್ಲಿಗೂ ತಲುಪಿಲ್ಲ. ಆ ಊರಲ್ಲಿ ಬ್ಯಾಟರಿಯಲ್ಲೇ ರಾತ್ರಿ ಕಳೆಯಿರಿ.

ಈಗ ಪಂಪು, ಮಂಕು ದೀಪ ಮತ್ತು ಫ್ರಿಜ್. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎಂದರೆ ಮೀಟರನ್ನು ಬೀಪ್‌ಗೆ ಇಟ್ಟು ವೈರಿನ ಎರಡು ತುದಿ ಮುಟ್ಟಿಸಿ, ಬೀಪ್ ಬಂತು, ವೈರ್ ಸರಿಯಿದೆ ಎಂದು ಎದ್ದುಬಿಡುವುದು. ಇಪ್ಪತ್ತೆರಡು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಏಕೆಂದರೆ ಮೀಟರ್ ಕಳಿಸುವ ಕರೆಂಟ್ ಅಷ್ಟು ಅಲ್ಪ. ಪಂಪ್ ಎಳೆಯುವ 7 ಆಂಪಿಯರ್ ಅದೇ ಒಂದೆಳೆಯಲ್ಲಿ ಹೋಗಬೇಕಾದಾಗ ಬಣ್ಣ ಬಯಲಾಗುತ್ತದೆ. ಆದ್ದರಿಂದ ಅಳತೆ ಯಾವಾಗಲೂ ಲೋಡ್ ಓಡುತ್ತಿರುವಾಗ, ವೋಲ್ಟಿನಲ್ಲಿ.

ಪಂಪ್ ಹಾಕಿ ನಲ್ಲಿ ತೆರೆದಿಡಿ. ಮೊದಲು ಬ್ಯಾಟರಿಯ ಮೇಲೆ ಅಳೆಯಿರಿ. ಮೀಟರಿನ ಮೊನೆಯನ್ನು ಸೀಸದ ಕಂಬಕ್ಕೇ ಒತ್ತಬೇಕು, ಅದರ ಮೇಲೆ ಬಿಗಿದ ಕ್ಲ್ಯಾಂಪಿಗಲ್ಲ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆಯೇ ದೋಷ ಇರುವುದುಂಟು. 12.5 ಇದ್ದದ್ದು ಏಳು ಆಂಪಿಯರ್‌ಗೇ 11.5ಕ್ಕೆ ಕುಸಿದರೆ ಬ್ಯಾಟರಿಯೇ ಸೋತಿದೆ, ವೈರಿಂಗ್ ಹುಡುಕುವ ಮೊದಲು ಅದನ್ನು ನೋಡಬೇಕು. ಬ್ಯಾಟರಿ 12.3ರಲ್ಲಿ ನಿಂತು ಪಂಪಿನ ತುದಿಯಲ್ಲಿ 10.6 ಬಂದರೆ ನಡುವೆ 1.7 ವೋಲ್ಟ್ ಎಲ್ಲೋ ಬಿದ್ದುಹೋಗುತ್ತಿದೆ. ಎಲ್ಲಿ?

ಏಳೆಂಟು ಮೀಟರ್ ತೆಳು ವೈರಿಗೆ ಎರಡು ಮೊಸಳೆ ಕ್ಲಿಪ್ ಹಾಕಿಕೊಳ್ಳಿ. ಒಂದು ತುದಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಮೀಟರಿಗೆ. ಮೀಟರಿನ ಇನ್ನೊಂದು ಮೊನೆ ಪಂಪಿನ ಪ್ಲಸ್‌ಗೆ. ಪ್ಲಸ್ ದಾರಿಯಲ್ಲಿ ಕಳೆದುಹೋದ ವೋಲ್ಟ್ ನೇರವಾಗಿ ಕಾಣುತ್ತದೆ, ಉದಾಹರಣೆಗೆ 0.4. ಆಮೇಲೆ ಕ್ಲಿಪ್ಪನ್ನು ಮೈನಸ್ ಕಂಬಕ್ಕೆ ಸರಿಸಿ ಪಂಪಿನ ಮೈನಸ್ ಅಳೆಯಿರಿ. 1.3 ಬಂದರೆ ಕಳ್ಳ ಸಿಕ್ಕ. ನಮ್ಮ ಕರಾವಳಿಯ ವ್ಯಾನುಗಳಲ್ಲಿ ಮೈನಸ್ ಕಡೆಯೇ ಹೀಗೆ ಸಿಗುವುದು ಹೆಚ್ಚು, ಯಾಕೆಂದರೆ ಪ್ಲಸ್‌ಗೆ ವೈರ್ ಎಳೆದವರು ಮೈನಸ್‌ಗೆ ಹತ್ತಿರದ ಕಬ್ಬಿಣಕ್ಕೆ ಒಂದು ಸ್ಕ್ರೂ ಹೊಡೆದು ಮುಗಿಸಿರುತ್ತಾರೆ. ಬಣ್ಣದ ಮೇಲೆ ಹೊಡೆದ ಆ ಸ್ಕ್ರೂ ಮೊದಲ ವರ್ಷ ಸುಮ್ಮನಿರುತ್ತದೆ. ದೀಪ ಮಂಕಾಗುವುದಕ್ಕೂ ಕಾರಣ ಇದೇ. ದೀಪ, ಪಂಪು, ಫ್ರಿಜ್ ಮೂರೂ ಅದೇ ಸ್ಕ್ರೂ ಮೂಲಕ ವಾಪಸಾಗುತ್ತಿದ್ದರೆ ಪಂಪ್ ಕದ್ದ ವೋಲ್ಟನ್ನು ದೀಪವೂ ಕಳೆದುಕೊಳ್ಳುತ್ತದೆ.

ಅಲ್ಲಿಂದ ಒಂದೊಂದೇ ಜೋಡಣೆ ದಾಟುತ್ತ ಬನ್ನಿ: ಕಂಬದಿಂದ ಲಗ್, ಲಗ್‌ನಿಂದ ವೈರ್, ಫ್ಯೂಸಿನ ಈ ಕಡೆಯಿಂದ ಆ ಕಡೆ, ಸ್ವಿಚ್ಚಿನ ಈ ಕಡೆಯಿಂದ ಆ ಕಡೆ. ಒಳ್ಳೆಯ ಜೋಡಣೆಯೊಂದರಲ್ಲಿ ಲೋಡ್ ಇರುವಾಗ 0.05 ವೋಲ್ಟಿಗಿಂತ ಹೆಚ್ಚು ಬೀಳಬಾರದು. ಒಂದೇ ಕಡೆ 1.3 ವೋಲ್ಟ್ ಬೀಳುತ್ತಿದ್ದರೆ 7 ಆಂಪಿಯರ್‌ಗೆ ಅಲ್ಲಿ 9 ವ್ಯಾಟ್ ಬಿಸಿಯಾಗುತ್ತಿದೆ. ಐದು ನಿಮಿಷ ಪಂಪ್ ಓಡಿಸಿ ಕೈಯಿಟ್ಟರೆ ಮೀಟರ್ ಇಲ್ಲದೆಯೂ ಗೊತ್ತಾದೀತು. ಪ್ಲಾಸ್ಟಿಕ್ ಕರಗಿ ಕಂದಾಗಿರುವ ಫ್ಯೂಸ್ ಹಿಡಿಕೆ ಕಂಡರೆ ಫ್ಯೂಸನ್ನು ದೂರಬೇಡಿ, ಹಿಡಿಕೆಯ ಸಡಿಲ ಕಚ್ಚನ್ನು ನೋಡಿ.

ಜೋಡಣೆಗಳೆಲ್ಲ ಚೆನ್ನಾಗಿದ್ದೂ ವೋಲ್ಟ್ ಬೀಳುತ್ತಿದ್ದರೆ ವೈರ್ ತೆಳುವಾಯಿತು ಎಂದು ತಿಳಿಯಿರಿ. ಪಂಪ್ ಬ್ಯಾಟರಿಯಿಂದ 5 ಮೀಟರ್ ದೂರ, ಹೋಗಿ ಬರಲು 10 ಮೀಟರ್. ಏಳು ಆಂಪಿಯರ್‌ಗೆ 1.5 ಚದರ ಮಿ.ಮೀ. ತಾಮ್ರದಲ್ಲಿ ಸುಮಾರು 0.83 ವೋಲ್ಟ್ ಕಳೆಯುತ್ತದೆ, 2.5ರಲ್ಲಿ 0.5, 4ರಲ್ಲಿ 0.31. ಹನ್ನೆರಡು ವೋಲ್ಟಿನಲ್ಲಿ ಶೇ. 3 ಎಂದರೆ 0.36, ಆದ್ದರಿಂದ ಇಲ್ಲಿ 4 ಹಾಕಬೇಕು (ಅಂಗಡಿಯಲ್ಲಿ '4 ಎಂಎಂ' ಎಂದರೆ ಕೊಡುವುದು ಇದನ್ನೇ). ಮನೆ ವೈರಿಂಗ್ ಮಾಡುವವರು 7 ಆಂಪಿಯರ್‌ಗೆ 1.5 ಧಾರಾಳ ಸಾಕು ಎನ್ನುತ್ತಾರೆ. ಬಿಸಿಯ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ 230ರಲ್ಲಿ 0.8 ವೋಲ್ಟ್ ಹೋದರೆ ಯಾರಿಗೂ ಗೊತ್ತಾಗದು, 12ರಲ್ಲಿ ಅದು ದೊಡ್ಡ ತುತ್ತು. ಫ್ರಿಜ್ಜಿಗೆ ಕುತ್ತು ತರುವುದೂ ಇದೇ. ಈ ಕಂಪ್ರೆಸರ್ ಫ್ರಿಜ್‌ಗಳು ತಮ್ಮ ಬುಡದಲ್ಲಿ ಸಿಗುವ ವೋಲ್ಟ್ 10.4ರಿಂದ 11ರ ನಡುವೆ, ಸೆಟ್ಟಿಂಗಿಗೆ ತಕ್ಕಂತೆ, ಒಂದು ಮಟ್ಟಕ್ಕಿಂತ ಇಳಿದರೆ ಬ್ಯಾಟರಿ ಉಳಿಸಲು ನಿಂತುಬಿಡುತ್ತವೆ. ದಾರಿಯಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತಿದ್ದರೆ ಬ್ಯಾಟರಿ ಅರ್ಧ ತುಂಬಿದ್ದಾಗಲೇ ಫ್ರಿಜ್ ಖಾಲಿ ಎಂದು ತೀರ್ಮಾನಿಸುತ್ತದೆ. ಹಗಲು ಸೋಲಾರ್ 13-14 ವೋಲ್ಟಿಗೆ ಎತ್ತಿ ಹಿಡಿದಿರುವುದರಿಂದ ದೋಷ ಮುಚ್ಚಿಹೋಗುತ್ತದೆ, ರಾತ್ರಿ ಬಯಲಾಗುತ್ತದೆ. ಫ್ರಿಜ್ ಕೆಟ್ಟಿಲ್ಲ, ರಿಪೇರಿಗೆ ಹೊತ್ತುಕೊಂಡು ಹುಬ್ಬಳ್ಳಿಗೆ ಹೋಗಬೇಡಿ.

ಕೆಟ್ಟ ಜೋಡಣೆಯನ್ನು ಸರಿಪಡಿಸುವುದರಲ್ಲಿ ಅವಸರ ಬೇಡ. ವೈರಿನ ತುದಿ ಕತ್ತರಿಸಿ ಸಿಪ್ಪೆ ಸುಲಿದಾಗ ತಾಮ್ರ ಹೊಳೆಯಬೇಕು. ಕಪ್ಪಗಿದ್ದರೆ ಉಪ್ಪುತೇವ ಎಳೆಗಳ ನಡುವಿನಿಂದ ಸಿಪ್ಪೆಯೊಳಗೆ ಹತ್ತಿದೆ. ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸುತ್ತ ಹೋಗಿ, ಕೆಲವೊಮ್ಮೆ ಒಂದು ಗೇಣು ಹೋಗುತ್ತದೆ. ಒಂದು ಗೇಣಿಗೂ ಸಿಗದಿದ್ದರೆ ಆ ವೈರನ್ನಷ್ಟೇ ಬದಲಿಸಿ. ಕಪ್ಪು ತಾಮ್ರವನ್ನು ಮರಳುಕಾಗದದಲ್ಲಿ ಉಜ್ಜಿ ಲಗ್ಗಿಗೆ ತುರುಕಿದರೆ ಹೊರಗಿನ ಎಳೆ ಮಾತ್ರ ಹೊಳೆದೀತು. ಲಗ್ ತವರ ಲೇಪದ ತಾಮ್ರದ್ದಾಗಿರಲಿ, ವೈರಿನ ಅಳತೆಯದ್ದೇ ಆಗಿರಲಿ. ಕ್ರಿಂಪ್ ಮಾಡಲು, ಅಂದರೆ ಲಗ್ಗನ್ನು ವೈರಿಗೆ ಒತ್ತಿ ಕಚ್ಚಿಸಲು, ಕ್ರಿಂಪಿಂಗ್ ಟೂಲ್ ಬೇಕು. ಕಟಿಂಗ್ ಪ್ಲೈಯರಿನಲ್ಲಿ ಜಜ್ಜಿದ್ದು ಘಟ್ಟದ ಕುಲುಕಾಟಕ್ಕೆ ನಿಲ್ಲದು. ಮಾಡಿದ ಮೇಲೆ ಜೋರಾಗಿ ಎಳೆದು ನೋಡಿ, ಬಂದರೆ ಈಗಲೇ ಬರಲಿ. ಬೆಸುಗೆ ಹಾಕುವ ಆಸೆ ಹಲವರಿಗೆ. ಅಲುಗಾಡದ ಕಡೆ ಅದು ಒಳ್ಳೆಯದೇ, ಆದರೆ ಬೆಸುಗೆ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ. ಅದು ಮುಗಿಯುವ ಜಾಗದಲ್ಲೇ ವ್ಯಾನಿನ ಅಲುಗಾಟಕ್ಕೆ ಮುರಿಯುತ್ತದೆ. ಮೇಲೆ ಒಳಗೋಡೆಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಅಂಟಿಲ್ಲದ ಸಾದಾ ಸ್ಲೀವ್ ತೇವ ತಡೆಯುವುದಿಲ್ಲ. ಕಪ್ಪು ಇನ್ಸುಲೇಷನ್ ಟೇಪ್ ಏಪ್ರಿಲ್-ಮೇ ಬಿಸಿಲಿಗೆ ಅಂಟು ಒಸರಿ ಬಿಚ್ಚಿಕೊಂಡು, ಜೂನ್ ಮಳೆಗೆ ನೀರು ಹಿಡಿದಿಡುತ್ತದೆ. ಅದಕ್ಕಿಂತ ಬರಿ ಜೋಡಣೆ ವಾಸಿ, ಕನಿಷ್ಠ ಒಣಗುತ್ತದೆ.

ಬೋಲ್ಟ್ ಬಿಗಿಯುವ ಕಡೆ ಬಣ್ಣ, ತುಕ್ಕು ಕೆರೆದು ಬಿಳಿ ಲೋಹ ಕಾಣಿಸಿ. ಲಗ್ ನೇರ ಲೋಹಕ್ಕೆ ಕೂರಲಿ, ವಾಷರ್ ಅದರ ಮೇಲೆ. ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಬಳಿಯಿರಿ. ಬಿಗಿಯುವ ಮೊದಲು ಬಳಿದು ಲೋಹದ ನಡುವೆ ಸೇರಿಸಬೇಡಿ. ನನ್ನ ಸಲಹೆ ಕೇಳಿದರೆ ವ್ಯಾನಿನ ಮನೆ-ಭಾಗದ (ದೀಪ, ಪಂಪು, ಫ್ರಿಜ್) ಯಾವ ಮೈನಸ್ಸನ್ನೂ ನೇರ ಚಾಸಿಗೆ ಕೊಡಲೇಬೇಡಿ. ಪ್ರತಿ ಸರ್ಕ್ಯೂಟಿನ ಮೈನಸ್ ವೈರನ್ನೂ ಬ್ಯಾಟರಿ ಹತ್ತಿರದ ಒಂದು ಬಸ್‌ಬಾರ್‌ಗೆ (ಹಲವು ವೈರ್ ಬಿಗಿಯುವ ಲೋಹದ ಪಟ್ಟಿಗೆ) ತಂದು, ಅಲ್ಲಿಂದ ಒಂದೇ ದಪ್ಪ ವೈರಿನಲ್ಲಿ ಚಾಸಿಗೆ ಸೇರಿಸಿ. ವೈರ್ ಖರ್ಚು ಹೆಚ್ಚು, ಆದರೆ ತುಕ್ಕು ಹಿಡಿಯಬಲ್ಲ ಜಾಗ ಹತ್ತರಿಂದ ಒಂದಕ್ಕೆ ಇಳಿಯುತ್ತದೆ. ತವರ ಲೇಪದ ವೈರ್ ಸಿಕ್ಕರೆ ಇನ್ನೂ ಒಳ್ಳೆಯದು. ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ವೈರಿಂಗ್ ಮಾಡುವವರನ್ನು ವಿಚಾರಿಸಿ, ಉಪ್ಪಿನ ಜೊತೆ ಗುದ್ದಾಡುವುದು ಅವರ ದಿನದ ಕೆಲಸ. ಇನ್ನೊಂದು ವಿಷಯ: ಮನೆಗೆ ತರುವ ಕೆಂಪು-ಕಪ್ಪು ಸುರುಳಿಗಳನ್ನೇ 12 ವೋಲ್ಟಿಗೂ 230ಕ್ಕೂ ಬಳಸಿ ಒಂದೇ ಪೈಪಿನಲ್ಲಿ ಎಳೆದಿದ್ದರೆ ಅದನ್ನು ಬೇರ್ಪಡಿಸಿ. ಯಾರೋ ಒಂದು ದಿನ ಕಪ್ಪನ್ನು ಬ್ಯಾಟರಿ ಮೈನಸ್ ಎಂದುಕೊಂಡು ಕೈ ಹಾಕುತ್ತಾರೆ.

ಘಟ್ಟದ ಫ್ಯೂಸಿಗೆ ಬರೋಣ. ಫ್ಯೂಸ್ ಇರುವುದು ದೀಪ ಉಳಿಸಲಿಕ್ಕಲ್ಲ, ವೈರ್ ಉಳಿಸಲಿಕ್ಕೆ. 20 ಹಾಕಿದ ಮೇಲೆ ಹೋಗುತ್ತಿಲ್ಲ ಎಂದರೆ ದೋಷ ಹೋಗಿಲ್ಲ, ಕಾವಲುಗಾರ ಹೋಗಿದ್ದಾನೆ. ಬ್ಲೇಡ್ ಫ್ಯೂಸ್ ತನ್ನ ಮೇಲೆ ಬರೆದ ಅಂಕಿ ದಾಟಿದ ತಕ್ಷಣ ಹೋಗುವುದೂ ಇಲ್ಲ. ಬರೆದದ್ದಕ್ಕಿಂತ ಶೇ. 35 ಹೆಚ್ಚು ಹರಿದಾಗ ಕೂಡ ಹತ್ತು ನಿಮಿಷದವರೆಗೆ ತಡೆದುಕೊಳ್ಳಬಲ್ಲದು. ಅಂದರೆ 20ರ ಫ್ಯೂಸ್ 27 ಆಂಪಿಯರನ್ನು ಅಷ್ಟು ಹೊತ್ತು ಬಿಡಬಹುದು, ಅದೂ ಪ್ಲೈವುಡ್ ಮತ್ತು ಫೋಮ್ ನಡುವೆ ಹುದುಗಿದ 1 ಚದರ ಮಿ.ಮೀ. ವೈರಿನಲ್ಲಿ.

ಘಟ್ಟದಲ್ಲಷ್ಟೇ ಹೋಗುತ್ತಿತ್ತು ಎನ್ನುವುದು ಒಳ್ಳೆಯ ಸುಳಿವು. ಏರಿನಲ್ಲಿ ಡಬ್ಬಿ-ಪಾತ್ರೆ, ನೀರಿನ ಕ್ಯಾನು ಎಲ್ಲ ಹಿಂದಕ್ಕೆ ಸರಿದು ಹಿಂಬದಿಯ ವೈರನ್ನು ಒತ್ತುತ್ತವೆ. ತಿರುವುಗಳಲ್ಲಿ ಬಾಡಿ ಮೈಮುರಿಯುತ್ತದೆ. ಎಲ್ಲೋ ಸಿಪ್ಪೆ ಸವೆದ ಪ್ಲಸ್ ವೈರ್ ಆಗಾಗ ತಗಡಿಗೆ ತಾಗುತ್ತಿದೆ. ಹುಡುಕಲು ಹತ್ತು ಫ್ಯೂಸ್ ಸುಡಬೇಕಾಗಿಲ್ಲ. ಇಂಡಿಕೇಟರಿನ 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಹಾಕಿ, ಫ್ಯೂಸ್ ಕಿತ್ತ ಜಾಗದ ಎರಡು ಕಚ್ಚುಗಳಿಗೆ ಸೇರಿಸಿ. ಆ ಸರ್ಕ್ಯೂಟಿನ ದೀಪ-ಫ್ಯಾನುಗಳೆಲ್ಲ ಆಫ್ ಇರಲಿ. ಎಲ್ಲಿ ಶಾರ್ಟ್ ಆದರೂ ಹರಿಯುವುದು 1.75 ಆಂಪಿಯರ್ ಮಾತ್ರ, ವೈರಿಗೆ ಏನೂ ಆಗದು, ಬಲ್ಬ್ ಪೂರ್ತಿ ಉರಿಯುತ್ತದೆ. ಒಬ್ಬರು ಬಲ್ಬ್ ನೋಡುತ್ತಿರಲಿ. ಇನ್ನೊಬ್ಬರು ವೈರ್ ಹಾದಿಯುದ್ದಕ್ಕೂ ಒತ್ತುತ್ತ, ಅಲುಗಿಸುತ್ತ, ಬಾಡಿಗೆ ಮುಷ್ಟಿಯಿಂದ ಗುದ್ದುತ್ತ ಬರಲಿ. ಬಲ್ಬ್ ಮಿನುಗಿದ ಕಡೆ ದೋಷ. ನಿಂತಲ್ಲಿ ಮಿನುಗದಿದ್ದರೆ ಬಲ್ಬನ್ನು ಹಾಗೆಯೇ ಕಟ್ಟಿಕೊಂಡು ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ಚಾಲಕನಲ್ಲದವರು ನೋಡುತ್ತಿರಲಿ.

ಮೊದಲು ನೋಡಬೇಕಾದ್ದು ತಗಡಿನ ತೂತು ದಾಟುವ ಕಡೆ ಅಂಚಿಗೆ ರಬ್ಬರ್ ಬಳೆ (ಗ್ರೋಮೆಟ್) ಇದೆಯೇ ಎಂದು. ಆಮೇಲೆ ಹಿಂಬಾಗಿಲಿನ ಕೀಲು, ಅಲ್ಲಿ ವೈರ್ ದಿನಕ್ಕೆ ಹತ್ತು ಸಲ ಮಡಚುತ್ತದೆ. ಮಂಚದ ಪ್ಲೈವುಡ್ಡಿಗೆ ಹೊಡೆದ ಸ್ಕ್ರೂ ಹಿಂದಿನ ವೈರನ್ನು ಕಚ್ಚಿರುವುದೂ ಉಂಟು. ನಾಲ್ಕು ತಿಂಗಳು ಶೆಡ್ಡಿನಲ್ಲಿತ್ತಾದ್ದರಿಂದ ಇಲಿಯನ್ನು ಮರೆಯಬೇಡಿ: ಹಿಕ್ಕೆ ಕಂಡ ಕಡೆ ವೈರಿನ ಇಡೀ ಉದ್ದವನ್ನು ಕೈಯಲ್ಲಿ ಸವರಿ ನೋಡಿ, ಅದು ಒಂದೇ ಕಡೆ ಕಚ್ಚಿ ಬಿಡುವ ಪ್ರಾಣಿಯಲ್ಲ.

ಕೊನೆಯದು ಬ್ಯಾಟರಿ. 150 ಎಎಚ್‌ನಲ್ಲಿ ಅರ್ಧ, ಅಂದರೆ 75, ಮೂರು ದಿನದಲ್ಲಿ ಹೋಗಬೇಕಾದರೆ ಸುಮಾರು ಒಂದು ಆಂಪಿಯರ್ ಸತತ ಹರಿಯಬೇಕು. ಕಿಲುಬು, ತೇವದ ಸೋರಿಕೆ ಇಷ್ಟು ಎಳೆಯುವುದಿಲ್ಲ, ಅವು ಮಿಲಿಆಂಪಿಯರ್ ಲೆಕ್ಕದವು. ಯುಎಸ್‌ಬಿ ಸಾಕೆಟ್, ಸೋಲಾರ್ ಕಂಟ್ರೋಲರ್, ಸ್ಟೀರಿಯೊ ನೆನಪು ಎಲ್ಲ ಸೇರಿದರೂ ಕಷ್ಟಪಟ್ಟು 0.1. ಫ್ರಿಜ್ ಆಫ್ ಇದ್ದರೆ, ಒಂದು ಆಂಪಿಯರ್ ಸುಮ್ಮನೆ ಎಳೆಯುವ ವಸ್ತು ವ್ಯಾನಿನಲ್ಲಿ ಬಹುಶಃ ಒಂದೇ: ಏನೂ ಲೋಡ್ ಇಲ್ಲದಿದ್ದರೂ ಆನ್ ಆಗಿರುವ ಇನ್ವರ್ಟರ್. ಅದರ ಮುಂಬದಿಯ ಸ್ವಿಚ್ ಆಫ್ ಮಾಡಿದರೂ ಕೆಲವು ಇನ್ವರ್ಟರ್‌ಗಳ ಒಳಗೆ ಸರ್ಕ್ಯೂಟ್ ಜೀವಂತವಾಗಿರುತ್ತದೆ. ಬ್ಯಾಟರಿ ಬದಿಗೇ ಸಂಪರ್ಕ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ ಹಾಕಿ.

ಅಳೆಯಲು ಡಿಸಿ ಅಳೆಯಬಲ್ಲ ಕ್ಲಾಂಪ್ ಮೀಟರ್ ಸುಲಭ. ಕೊಳ್ಳುವಾಗ ನೋಡಿಕೊಳ್ಳಿ, ಅಗ್ಗದವು ಎಸಿ ಮಾತ್ರ ಅಳೆಯುತ್ತವೆ. ಸಾದಾ ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಮೈನಸ್ ಕಂಬಕ್ಕೂ ಬಿಚ್ಚಿದ ವೈರಿಗೂ ನಡುವೆ ಸೇರಿಸಲೂಬಹುದು, ಆದರೆ ಆಗ ಇನ್ವರ್ಟರನ್ನೋ ಪಂಪನ್ನೋ ಆನ್ ಮಾಡಿದರೆ ಮೀಟರಿನ ಫ್ಯೂಸ್ ಹೋಯಿತು. ಒಂದೊಂದೇ ಫ್ಯೂಸ್ ಕಿತ್ತಾಗ ಅಂಕಿ ಯಾವುದಕ್ಕೆ ಇಳಿಯುತ್ತದೋ ಆ ಸರ್ಕ್ಯೂಟ್. ಕೀಳದೆಯೂ ನೋಡಬಹುದು: ಬ್ಲೇಡ್ ಫ್ಯೂಸಿನ ಬೆನ್ನಿನ ಎರಡು ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. 10ರ ಫ್ಯೂಸಿನಲ್ಲಿ ಒಂದು ಆಂಪಿಯರ್‌ಗೆ ಸುಮಾರು 7-8 ಮಿಲಿವೋಲ್ಟ್ ಬರುತ್ತದೆ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಏನೂ ಹರಿಯುತ್ತಿಲ್ಲ. ಎಂಜಿನ್ ಬ್ಯಾಟರಿಯೂ ಜೊತೆಗೆ ಇಳಿಯುತ್ತಿದ್ದರೆ ಎರಡನ್ನು ಸೇರಿಸುವ ರಿಲೇ ಅಂಟಿಕೊಂಡಿದೆ. ಎಂಜಿನ್ ನಿಲ್ಲಿಸಿ ಒಂದು ಗಂಟೆ ಬಿಟ್ಟು, ಸೋಲಾರ್ ಬಿಡಿಸಿ, ಎರಡೂ ಬ್ಯಾಟರಿ ಅಳೆಯಿರಿ. ಎರಡನೇ ದಶಾಂಶದ ತನಕ ಒಂದೇ ಅಂಕಿ ಬಂದರೆ ರಿಲೇ ಬದಲಿಸಿ.

ಎಲ್ಲ ಬಿಡಿಸಿಟ್ಟರೂ ಇಳಿಯುತ್ತಿದ್ದರೆ ಬ್ಯಾಟರಿಯೇ ಮುಗಿದಿದೆ ಎನ್ನಬೇಕು, ಮತ್ತು ಅದಕ್ಕೆ ಕಾರಣ ಶೆಡ್. ಸೋಲಾರಿಗೆ ಬಿಸಿಲಿಲ್ಲ, ಚಾರ್ಜರ್ ಹಾಕಿಲ್ಲ, ನಾಲ್ಕು ತಿಂಗಳು ತಾನಾಗಿ ಇಳಿಯುತ್ತ ಹೋದ ಸೀಸದ ಬ್ಯಾಟರಿಯ ಪ್ಲೇಟುಗಳಿಗೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಪೂರ್ತಿ ಚಾರ್ಜ್ ಮಾಡಿ ಹನ್ನೆರಡು ಗಂಟೆ ಸುಮ್ಮನೆ ಬಿಟ್ಟು ಅಳೆದಾಗ 12.5ರ ಹತ್ತಿರಕ್ಕೂ ಬರದಿದ್ದರೆ, ಅಥವಾ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಒಂದು ಸೆಲ್ ಉಳಿದವಕ್ಕಿಂತ 0.030ಕ್ಕೂ ಕೆಳಗಿದ್ದರೆ ಆಸೆ ಬಿಡಿ. ಟ್ಯೂಬ್ಯುಲರ್‌ನಲ್ಲಿ ಪೂರ್ತಿ ಚಾರ್ಜಿನ ಸಾಂದ್ರತೆ 1.240ರ ಆಸುಪಾಸು ಇರುವುದು ಸಹಜ, ಕಾರ್ ಬ್ಯಾಟರಿಯ 1.280 ನಿರೀಕ್ಷಿಸಿ ಗಾಬರಿಯಾಗಬೇಡಿ. ಬದಲಿಸುವುದಾದರೆ ಎತ್ತರದ ಟ್ಯೂಬ್ಯುಲರ್ ಮತ್ತೆ ಬೇಡ ಎನ್ನುತ್ತೇನೆ. ಅದು ಮನೆಯ ಮೂಲೆಯಲ್ಲಿ ಅಲುಗದೆ ಕೂರಲು ಮಾಡಿದ್ದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ನೀವು ಮಲಗುವುದು ಅದರ ಪಕ್ಕದಲ್ಲೇ. ಅದೇ ಇಡುವುದಾದರೆ ಮುಚ್ಚಿದ ಪೆಟ್ಟಿಗೆ ಮಾಡಿಸಿ, ಮೇಲಿನಿಂದ ಹೊರಕ್ಕೆ ಗಾಳಿಕೊಳವೆ ಕೊಡಿಸಿ.

ಮುಂದಿನ ಮೇ ತಿಂಗಳ ಕೊನೆಗೆ ಶೆಡ್ಡಿಗೆ ಹಾಕುವ ದಿನ ಐಸೊಲೇಟರ್ ತಿರುಗಿಸಿ ಆಫ್ ಮಾಡಿ, ತಿಂಗಳಿಗೊಮ್ಮೆ ಇಡೀ ದಿನ ಚಾರ್ಜ್ ಹಾಕಿ, ತಗಡಿನ ತೂತುಗಳಿಗೆ ಸ್ಟೀಲ್ ಉಣ್ಣೆ ತುರುಕಿ ಇಲಿ ತಡೆಯಿರಿ. ಮೇಲಿನಿಂದ ಒಳಗೆ ಬರುವ ಸೋಲಾರ್ ವೈರ್ ಗ್ಲ್ಯಾಂಡ್ (ವೈರ್ ಒಳಹೋಗುವ ತೂತಿನ ಬಿಗಿ ಮುಚ್ಚಳ) ಹೊಕ್ಕುವ ಮೊದಲು ಕೆಳಗೆ ಜೋತುಬಿದ್ದು ಮತ್ತೆ ಮೇಲೆ ಏರುವಂತೆ ಬಗ್ಗಿಸಿಡಿ. ವೈರ್ ಹಿಡಿದು ಇಳಿಯುವ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗಿನ ಬಸ್‌ಬಾರ್ ತನಕ ಬರುವುದಿಲ್ಲ.